ಲಾಡಿ ಬಿಗಿದ ಜಾಗ

ಶಾಲೆಯಿಂದ ಮನೆಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಬಾಗಿಲಿಗೆ ಅಗಳಿ ಹಾಕಿ ಒಳಲಂಗದ ಲಾಡಿ ಸಡಿಲಿಸುವುದು. ಕೈಕಾಲು ತೊಳೆಯುವುದು, ಚಹಾಕ್ಕೆ ನೀರಿಡುವುದು ಎಲ್ಲ ಆಮೇಲೆ. ಗಂಟು ಬಿಚ್ಚಿದೊಡನೆ ಬೆಳಗಿನಿಂದ ಎದೆಯಲ್ಲೇ ನಿಂತಿದ್ದ ಉಸಿರು ಹೊಟ್ಟೆಯವರೆಗೆ ಇಳಿಯುತ್ತಿತ್ತು. "ಉಸ್ಸಪ್ಪಾ" ಎಂದು ದೊಡ್ಡದಾಗಿಯೇ ಅನ್ನುತ್ತಿದ್ದೆ. ಕೇಳುವವರಿಲ್ಲದ ಮನೆಯಲ್ಲಿ ದೊಡ್ಡದಾಗಿ ಅಂದರೇನು, ಸಣ್ಣದಾಗಿ ಅಂದರೇನು.

ಸವಣೂರಿನ ಹಳೆಯ ಓಣಿಯೊಂದರಲ್ಲಿ ನನ್ನದು ಎರಡು ಕೋಣೆಯ ಬಾಡಿಗೆ ಮನೆ. ಯಲವಿಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು ನಾನು, ಈ ಕಡೆಯವರ ಬಾಯಲ್ಲಿ ಅಕ್ಕೋರು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ನನ್ನ ಬಳಿ ಇರುವುದಕ್ಕಿಂತ ಚೆಂದದ ಕಾರಣಗಳು ಊರವರ ಬಳಿ ಇವೆ, ಹಾಗಾಗಿ ಆ ವಿಷಯವನ್ನು ಅವರಿಗೇ ಬಿಟ್ಟಿದ್ದೇನೆ. ವಯಸ್ಸು ಐವತ್ತು ದಾಟಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲೂ ಓಣಿಯಲ್ಲೂ ಹೆಸರು ಮಾಡಿದ್ದೇನೆ. ಒಂಟಿ ಹೆಂಗಸಿಗೆ ಸಿಟ್ಟು ಬಹಳ ಅನುಕೂಲ. ಯಾರೂ ಹತ್ತಿರ ಬಂದು ಆರಾಮ ಇದ್ದೀರೇನು ಎಂದು ಕೇಳುವ ಧೈರ್ಯ ಮಾಡುವುದಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂದು ಆಮೇಲೆ ನನಗೇ ಬೇಜಾರಾಗುತ್ತದೆ, ಅದು ಬೇರೆ ಮಾತು.

ಲಾಡಿ ಬಿಗಿಯುವುದನ್ನು ಕಲಿಸಿದವಳು ಅವ್ವ. ಹಾನಗಲ್ಲಿನ ಹತ್ತಿರ ನಮ್ಮೂರು, ಭತ್ತದ ಸೀಮೆ. ಅವ್ವ ನಾಟಿಗೆ ಹೋಗುವವಳು, ಬೆಳಗಿನಿಂದ ಬೈಗಿನವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲುವವಳು. ಟೊಂಕ ಬಿಗಿದು ಕಟ್ಟಿದರೆ ನಡ ನೋಯುವುದಿಲ್ಲ, ಸಡಿಲ ಬಿಟ್ಟರೆ ನಡ ಬಿದ್ದುಹೋಗುತ್ತದೆ ಎಂದು ಅವಳೂ ಅವಳ ಜೊತೆಯ ಹೆಂಗಸರೂ ನಂಬಿದ್ದರು. ಹಡೆದವಳಿಗೆ ಹಳೆಯ ಸೀರೆಯಿಂದ ಹೊಟ್ಟೆ ಬಿಗಿಯುತ್ತಿದ್ದವರೂ ಅವರೇ. ನಾನು ನೌಕರಿಗೆ ಸೇರುವ ದಿನ ಬೆಳಿಗ್ಗೆ ಅವ್ವ ನನ್ನೆದುರು ಮೊಣಕಾಲೂರಿ ಕೂತು, ಒಳಲಂಗದ ಲಾಡಿಯನ್ನು ತಾನೇ ಎಳೆದು ಗಂಟು ಹಾಕಿದಳು. ಕೆಸರಿನಲ್ಲಿ ಸಸಿ ಊರಿ ಊರಿ ಗಟ್ಟಿಯಾದ ಬೆರಳುಗಳು ಅವಳವು.

"ಅವ್ವಾ, ಉಸರಾಡಾಕ ಬರವಲ್ದು," ಎಂದೆ.

"ಉಸರು ಮ್ಯಾಲ ಇರ್ತೈತಿ, ಟೊಂಕದಾಗಲ್ಲ. ಬಿಗೀ ಇರ್ಲಿ. ನಾಕು ಮಂದ್ಯಾಗ ನಿಂದ್ರಾಕಿ ನೀ. ಸೀರಿ ಜಾರಿದ್ರ ಹಿಡ್ಯಾಕ ಯಾರ್ ಬರ್ತಾರ?"

ಯಾರೂ ಬರುವುದಿಲ್ಲ ಎಂಬುದು ನನಗೆ ಆಗಲೇ ಅಂದಾಜಿತ್ತೋ ಏನೋ, ಆ ಗಂಟನ್ನು ನಾನು ಹಾಗೆಯೇ ಉಳಿಸಿಕೊಂಡೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಕರಿಹಲಗೆಯ ಮೇಲೆ ಕೈಯೆತ್ತಿ ಬರೆಯುವಾಗ ಟೊಂಕದಲ್ಲಿ ಲಾಡಿ ಒತ್ತಿದರೆ ನನಗೆ ಧೈರ್ಯ. ವಯಸ್ಸಾದಂತೆ ಮೈ ಬಂತು. ಗಂಟು ಮಾತ್ರ ಹಳೆಯ ಜಾಗದಲ್ಲೇ ಬೀಳಬೇಕೆಂದು ನನ್ನ ಹಟ. ಜಂಪರಿನದೂ ಅದೇ ಕಥೆ. ಅಳತೆ ತೆಗೆದುಕೊಳ್ಳುವಾಗ ದರ್ಜಿ, "ಒಂದೀಟ ಸಡ್ಲ ಬಿಡ್ಲೇನ್ರಿ ಅಕ್ಕಾರ?" ಎಂದು ಕೇಳಿದರೆ, "ಹಳೀ ಅಳತಿ ಹಳೀ ಅಳತಿನ," ಎಂದು ಗದರಿಸಿ ಬರುತ್ತಿದ್ದೆ. ಆ ಜಂಪರ ತೊಟ್ಟು ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಆಗುತ್ತಿರಲಿಲ್ಲ, ತೋಳು ಅಷ್ಟೆತ್ತರ ಏಳುತ್ತಿರಲಿಲ್ಲ.

ಮಧ್ಯಾಹ್ನ ಎರಡು ರೊಟ್ಟಿ ತಿಂದರೆ ಗಂಟಲವರೆಗೆ ಹುಳಿ ಬರತೊಡಗಿತು. ಒಂದಕ್ಕೆ ಇಳಿಸಿದೆ. ಬಲತೊಡೆಯ ಹೊರಮಗ್ಗಲು ಜೋಮು ಹಿಡಿದು, ಚಿವುಟಿದರೂ ಗೊತ್ತಾಗದಂತಾಯಿತು. ವಯಸ್ಸು ಎಂದುಕೊಂಡೆ. ಟೊಂಕದ ಸುತ್ತ ಕಪ್ಪು ಪಟ್ಟಿ ಬಿದ್ದದ್ದಕ್ಕೆ ಏನೂ ಅಂದುಕೊಳ್ಳಲಿಲ್ಲ, ಯಾಕೆಂದರೆ ಅದು ಅವ್ವನಿಗೂ ಇತ್ತು. ಅವ್ವ ತೀರಿಕೊಂಡ ದಿನ ಹೆಂಗಸರು ಸೇರಿ ಮೈ ತೊಳೆಯುವಾಗ ನೋಡಿದ್ದೆ, ಬೆಳ್ಳಗಿನ ಮೈಯ ಮೇಲೆ ಆ ಪಟ್ಟಿ ಸುಟ್ಟ ಗಾಯದಂತೆ ಕಾಣುತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಅಲ್ಲಿ ನೀರು ಹಾಕುತ್ತಿದ್ದವರೆಲ್ಲರ ಟೊಂಕದಲ್ಲೂ ಅದು ಇತ್ತು.

ಹುಣ್ಣು ಶುರುವಾದದ್ದು ಒಂದು ಬೇಸಿಗೆಯಲ್ಲಿ. ಮೊದಲು ಬೆನ್ನ ಕಡೆ, ಎಡಕ್ಕೆ, ಲಾಡಿ ಹಾಯುವಲ್ಲಿ ತುರಿಕೆ. ತುರಿಸಿ ತುರಿಸಿ ಚರ್ಮ ಸುಲಿಯಿತು. ಒಳಲಂಗದ ಮೇಲೆ ನೀರಿನಂಥ ಕಲೆ ಕಂಡಿತು, ಆಮೇಲೆ ರಕ್ತದ್ದು. ಏನಾಗಿದೆ ಎಂದು ನೋಡೋಣವೆಂದರೆ ಕಾಣುವುದಿಲ್ಲ. ಕುರ್ಚಿ ಹತ್ತಿ ಗೋಡೆಯ ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಗಿಸಿದರೆ ಕತ್ತು ಹಿಡಿದುಕೊಂಡಿತೇ ಹೊರತು ಹುಣ್ಣು ಕಾಣಲಿಲ್ಲ. ಮೊಬೈಲನ್ನು ಬೆನ್ನ ಹಿಂದೆ ಹಿಡಿದು ಫೋಟೋ ತೆಗೆದರೆ ಗೋಡೆಯ ಮೇಲಿನ ಕ್ಯಾಲೆಂಡರು ಬಂತು. ಇನ್ನೊಮ್ಮೆ ತೆಗೆದರೆ ಕೆಂಪಗೆ, ಮಸುಕಾಗಿ ಏನೋ ಬಂತು, ಅದು ನನ್ನ ಮೈಯೋ ಸೀರೆಯೋ ತಿಳಿಯಲಿಲ್ಲ. ಒಬ್ಬರೇ ಇರುವವರ ಕಷ್ಟವೆಂದರೆ ಜ್ವರ ಬಂದಾಗ ನೀರು ಕೊಡುವವರಿಲ್ಲದ್ದು ಎಂದು ಜನ ಅಂದುಕೊಳ್ಳುತ್ತಾರೆ. ನೀರನ್ನು ಹೇಗೋ ನಾವೇ ಎದ್ದು ಕುಡಿಯುತ್ತೇವೆ. ನನ್ನ ಬೆನ್ನನ್ನು ನಾನು ನೋಡಿಕೊಳ್ಳಲಾರೆ ಎಂಬುದು ನನಗೆ ಕುರ್ಚಿಯ ಮೇಲೆ ನಿಂತಾಗಲೇ ತಿಳಿದದ್ದು.

ಸವಣೂರಿನಲ್ಲಿ ವೀಳ್ಯದೆಲೆಗೆ ಬರವಿಲ್ಲ. ನನ್ನ ಪಕ್ಕದ ಮನೆಯವರದು ಎಲೆಯ ವ್ಯಾಪಾರ. ಪಡಸಾಲೆಯಲ್ಲಿ ಒದ್ದೆ ಗೋಣಿ ಹಾಸಿ ಎಲೆ ಆರಿಸಿ ಕಟ್ಟು ಕಟ್ಟುತ್ತಾರೆ. ಕೂಸಿಗೆ ಕೆಮ್ಮಾದರೆ ಎದೆಗೆ, ಕುರು ಎದ್ದರೆ ಕುರುವಿನ ಮೇಲೆ, ಎಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಇಡುವುದು ಇಲ್ಲಿ ಎಲ್ಲರ ಮನೆಯ ಮದ್ದು. ನಾನೂ ಇಟ್ಟುಕೊಂಡೆ. ಮಲಗಿದ ಕೂಸಿನ ಎದೆಯ ಮೇಲೆ ಎಲೆ ತಾನೇ ನಿಲ್ಲುತ್ತದೆ. ಬಸ್ಸು ಹತ್ತಿ ಇಳಿಯುವ ಅಕ್ಕೋರ ಬೆನ್ನ ಮೇಲೆ ನಿಲ್ಲಬೇಕಲ್ಲ. ಅದಕ್ಕೆ ಲಾಡಿಯನ್ನು ಎಲೆಯ ಮೇಲೆಯೇ ತಂದು, ಜಾರದಿರಲಿ ಎಂದು ದಿನಕ್ಕಿಂತ ಇನ್ನಷ್ಟು ಎಳೆದು ಕಟ್ಟಿದೆ. ಸಂಜೆ ಬಿಚ್ಚಿದರೆ ಎಲೆ ಬೆಂದಂತಾಗಿ ಚರ್ಮಕ್ಕೆ ಅಂಟಿರುತ್ತಿತ್ತು. ಕಿತ್ತಾಗ ಉರಿಯುತ್ತಿತ್ತು. ಉರಿದರೆ ಮದ್ದು ಹತ್ತುತ್ತಿದೆ ಎಂದು ಸಮಾಧಾನ ಮಾಡಿಕೊಂಡು ಮರುದಿನ ಹೊಸ ಎಲೆ ಇಡುತ್ತಿದ್ದೆ. ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು.

ಮಳೆಗಾಲ ಬಂದರೂ ಹುಣ್ಣು ಮಾಯಲಿಲ್ಲ. ಅದರ ಅಂಚು ಬೆರಳಿಗೆ ಗಟ್ಟಿಯಾಗಿ ಸಿಗತೊಡಗಿತು. ಆಗ ಆ ರೋಗದ ಹೆಸರು ಮನಸ್ಸಿಗೆ ಬಂತು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಬಾಯಿಬಿಟ್ಟು ಅದನ್ನು ಅನ್ನಲಿಲ್ಲ. ಯಾರಾದರೂ ಒಬ್ಬರು ನೋಡಿ, ಇದು ಏನೂ ಅಲ್ಲ ಎಂದಾದರೂ ಹೇಳಲಿ, ಇದು ಅದೇ ಎಂದಾದರೂ ಹೇಳಲಿ ಎನಿಸಿತು.

ಹಾನಗಲ್ಲಿನಲ್ಲಿ ಅಣ್ಣನ ಮನೆಯಿದೆ. ಅಣ್ಣನ ಹೆಂಡತಿಗೆ, ಅಂದರೆ ವೈನಿಗೆ ತೋರಿಸೋಣವೆಂದು ಒಂದು ರವಿವಾರ ಹೋದೆ. ವೈನಿ ಒಳ್ಳೆಯವರು, ನನ್ನನ್ನು ಎಂದೂ ಹಗುರವಾಗಿ ಕಂಡವರಲ್ಲ. ಆದರೆ ಅಂದು ಅವರ ತವರಿನವರು ಬಂದು ಮನೆ ಗಿಜಿಗಿಜಿ ಎನ್ನುತ್ತಿತ್ತು. ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ವೈನಿ, ಒಂದೀಟ ಒಳಕೋಣಿಗೆ ಬರ್ತೀರೇನ್ರಿ? ನಿಮಗೊಂದು ತೋರಸೂದೈತಿ," ಎಂದೆ.

"ಹೊಸಾ ಸೀರಿ ತಂದೀಯೇನವಾ? ತಡಿ, ಇವಿಷ್ಟು ರೊಟ್ಟಿ ಮುಗೀಲಿ."

ರೊಟ್ಟಿ ಮುಗಿದವು. ಬಡಿಸುವುದಾಯಿತು, ಪಾತ್ರೆಯಾಯಿತು, ಮತ್ತೆ ಚಹಾ. ಕೊನೆಗೆ ಪಡಸಾಲೆಯಲ್ಲಿ ನನ್ನ ಪಕ್ಕ ಕುಸಿದು ಕೂತು ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಂದು ಚೊಲೊ ನೋಡವಾ. ಹೇಳೂರಿಲ್ಲ, ಕೇಳೂರಿಲ್ಲ, ಆರಾಮ ಇದ್ದೀ," ಅಂದರು. ಅದು ಕುಹಕವಲ್ಲ, ದಣಿದ ಹೆಂಗಸಿನ ಮಾತು. ನನಗೆ ಗೊತ್ತು. ಆದರೆ ಅದಾದ ಮೇಲೆ ಸೀರೆ ಸರಿಸಿ ಬೆನ್ನು ತೋರಿಸಲು ನನ್ನಿಂದ ಆಗಲಿಲ್ಲ. ಹೊರಡುವಾಗ ಅವರೇ ನೆನಪು ಮಾಡಿಕೊಂಡು, "ಅಯ್ಯ, ಏನೋ ತೋರಸೂದೈತಿ ಅಂದಿದ್ದೆಲ್ಲ?" ಎಂದರು. ಮತ್ತೊಮ್ಮೆ ಬಂದಾಗ ತೋರಿಸುತ್ತೇನೆ ಎಂದೆ. ಬಸ್ಸಿನಲ್ಲಿ ಕೂಡಲು ಸೀಟು ಸಿಕ್ಕಿತು. ಬೆನ್ನು ತಾಗದಂತೆ ಮುಂದಕ್ಕೆ ಬಗ್ಗಿ ಕೂತು ಸವಣೂರಿನವರೆಗೆ ಬಂದೆ.

ಪಕ್ಕದ ಮನೆಯ ಯಜಮಾನಿಯನ್ನು ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಾರೆ. ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಗಂಡ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ತುಂಬಿದ ಮನೆ. ಅಲ್ಲಿಯ ಗದ್ದಲಕ್ಕೆ ನಾನು ಎಷ್ಟೋ ಸಲ ಗೋಡೆ ಬಡಿದು ಬೈದದ್ದೂ ಉಂಟು. ದಿನಾ ಸಂಜೆ ಅವರ ಪಡಸಾಲೆಯಿಂದ ನಾಲ್ಕು ಎಲೆ ತೆಗೆದುಕೊಂಡು ಬರುತ್ತಿದ್ದೆ. ಹಾನಗಲ್ಲಿನಿಂದ ಬಂದ ಮರುದಿನ ಎಲೆ ಕೊಡುತ್ತ ಆಪಾ ನನ್ನ ಮುಖ ನೋಡಿದರು.

"ಅಕ್ಕಾರ, ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ದಿನಾ ಎಲಿ ಒಯ್ತೀರಿ. ಅಡಿಕಿ ಕೇಳೂದಿಲ್ಲ, ಸುಣ್ಣ ಕೇಳೂದಿಲ್ಲ. ನಿಮ್ಮ ಬಾಯಿ ಕೆಂಪಾಗಿದ್ದು ನಾ ಒಂದು ದಿನಾನೂ ನೋಡಿಲ್ಲ. ಎಲಿ ಏನ್ ಮಾಡ್ತೀರ್ರಿ?"

"ನಾ ಏನರ ಮಾಡ್ಕೋತೇನಿ. ನಿಮಗ್ಯಾಕ್ರಿ ಅದು?" ಎಂದು ಎಲೆ ಕಸಿದುಕೊಂಡವಳಂತೆ ಬಂದುಬಿಟ್ಟೆ. ಬೀಗಕ್ಕೆ ಕೀಲಿ ಹಾಕಿ ನಿಂತೆ, ತಿರುಗಿಸಲು ಕೈ ಬರಲಿಲ್ಲ. ನನ್ನ ಬಾಯಿ ಕೆಂಪಾಗಿದೆಯೋ ಇಲ್ಲವೋ ಎಂದು ಈ ಊರಿನಲ್ಲಿ ಒಬ್ಬರು ದಿನಾ ನೋಡುತ್ತಿದ್ದರು. ನನಗೆ ಅದು ಗೊತ್ತೇ ಇರಲಿಲ್ಲ. ಕೀಲಿಯನ್ನು ಬೀಗದಲ್ಲೇ ಬಿಟ್ಟು ವಾಪಸು ಹೋದೆ.

"ಆಪಾ, ನನ್ನ ಬೆನ್ನ ಮ್ಯಾಲ ಏನೋ ಆಗೈತ್ರಿ. ನನಗ ಕಾಣವಲ್ದು."

ಆಪಾ ಎಲೆಯ ಕೈಯನ್ನು ಗೋಣಿಗೆ ಒರೆಸಿ ಎದ್ದರು. ಒಳಕೋಣೆಯಲ್ಲಿದ್ದ ಮೊಮ್ಮಕ್ಕಳನ್ನು ಹೊರಗೆ ಅಟ್ಟಿ, ಬಾಗಿಲಿಗೆ ಚಿಲಕ ಹಾಕಿ ದೀಪ ಹಚ್ಚಿದರು. ನಾನು ಗೋಡೆಗೆ ಮುಖ ಮಾಡಿ ಲಾಡಿ ಬಿಚ್ಚಿದೆ. ಅವರು ಹತ್ತಿರ ಬಂದು ಬಗ್ಗಿ ನೋಡಿದರು.

"ಏನ್ ಕಾಣ್ತೈತ್ರಿ?" ಎಂದೆ.

"ಇದರ ಮ್ಯಾಲ ಲಾಡಿ ಕಟ್ಗೊಂಡು ಅಡ್ಡಾಡ್ತೀರೇನ್ರಿ ಅಕ್ಕಾರ?" ಅವರ ದನಿ ಬದಲಾಗಿತ್ತು. "ಇದಕ್ಕ ಎಲಿ ಗಿಲಿ ಬ್ಯಾಡ್ರಿ. ದವಾಖಾನಿಗೆ ಹೋಗ್ರಿ. ನಾನೂ ಬರ್ತೇನಿ."

ಬೇಡ, ಒಬ್ಬಳೇ ಹೋಗುತ್ತೇನೆ ಎಂದೆ. ಬಾಯಿ ತೆರೆದರೆ ಮೊದಲು ಬರುವುದೇ ಬೇಡ ಎಂಬ ಮಾತು ನನಗೆ.

ಸವಣೂರಿನಲ್ಲಿ ಎಲ್ಲಿ ಹೋದರೂ ಗುರುತಿನವರು, ಅದಕ್ಕೆ ಶಿಗ್ಗಾವಿಗೆ ಹೋಗಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಸಣ್ಣ ವಯಸ್ಸಿನವರು, ಸಮಾಧಾನದವರು. ಬೆನ್ನು ನೋಡಿದರು, ಟೊಂಕದ ಸುತ್ತ ಬೆರಳಾಡಿಸಿ ಆ ಕಪ್ಪು ಪಟ್ಟಿಯನ್ನೆಲ್ಲ ನೋಡಿದರು. ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಕೊನೆಗೆ ನನ್ನನ್ನು ಕೂಡಿಸಿ ಬಿಡಿಸಿ ಹೇಳಿದರು. ಸಣ್ಣ ಲಾಡಿ, ಅದರ ಮೇಲೆ ಇಡೀ ಸೀರೆಯ ಭಾರ, ಸೆಕೆ, ಬೆವರು, ದಿನಾ ಅದೇ ಜಾಗ. ಚರ್ಮ ಸವೆದು ಒಡೆಯುತ್ತದೆ. ಒಡೆದದ್ದು ಮಾಯಲು ಬಿಡದೆ ವರ್ಷಗಟ್ಟಲೆ ತಿಕ್ಕಿದರೆ ಒಮ್ಮೊಮ್ಮೆ ಅದು ಕೆಟ್ಟದ್ದಕ್ಕೆ ತಿರುಗುತ್ತದೆ. ತೊಡೆಯ ಜೋಮು ಬಂದದ್ದು ಟೊಂಕದಲ್ಲಿ ನರ ಒತ್ತಿ ಹೋದದ್ದರಿಂದ ಇರಬಹುದು, ಹುಳಿ ಮೇಲೆ ಬರುವುದು ಹೊಟ್ಟೆ ಅಮುಕಿ ಹೋದದ್ದರಿಂದ. ನಾನು ವಯಸ್ಸಿನ ತಲೆಗೆ ಕಟ್ಟಿದ್ದನ್ನೆಲ್ಲ ಅವರು ಒಂದೊಂದಾಗಿ ಬಿಚ್ಚಿ ಲಾಡಿಯ ತಲೆಗೆ ಕಟ್ಟಿದರು. ಹುಣ್ಣಿನ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಿ, ಒಂದು ಚೂರು ತೆಗೆದು, ಮುಲಾಮಿನ ಪಟ್ಟಿ ಕಟ್ಟಿ, ಆ ಚೂರನ್ನು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸುತ್ತೇನೆ ಎಂದರು.

"ಲಾಡಿ ಇವತ್ತಿನಿಂದ ಬಂದ್ ಮಾಡ್ರಿ. ಪಟ್ಟಿ ದಿನಾ ಬದಲಿ ಮಾಡಬೇಕು. ಕಾಣಲಾರದ ಜಾಗಾ, ನಿಮಗ ಕಟ್ಗೊಳ್ಳಾಕ ಬರೂದಿಲ್ಲ. ಮನ್ಯಾಗ ಯಾರ್ ಮಾಡ್ತಾರ್ರಿ?"

"ಅಕ್ಕ ಅದಾಳ್ರಿ," ಎಂದೆ. ನನಗೆ ಅಕ್ಕ ಇಲ್ಲ.

ಹತ್ತಿ, ಮುಲಾಮು, ಪಟ್ಟಿಯ ಸುರುಳಿ ಇದ್ದ ಚೀಲ ಹಿಡಿದು ಅಂದು ಸಂಜೆ ಆಪಾನ ಬಾಗಿಲಲ್ಲಿ ನಿಂತೆ. ಹೇಗೆ ಕೇಳಬೇಕೆಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ಚೀಲ ನೋಡಿ, "ಬರ್ರಿ ಒಳಗ," ಎಂದರು, ಅಷ್ಟೇ.

ಆಮೇಲೆ ದಿನಾ ಅದೇ ಹೊತ್ತಿಗೆ ಹೋಗುತ್ತಿದ್ದೆ. ನಾನು ಗೋಡೆಗೆ ಮುಖ ಮಾಡಿ ಕೂಡುವುದು, ಆಪಾ ನನ್ನ ಹಿಂದೆ ಸಣ್ಣ ಮಣೆಯ ಮೇಲೆ. ಮೊಮ್ಮಕ್ಕಳ ಬೆನ್ನಿಗೆ ರಪ್ಪೆಂದು ಬಾರಿಸುವ ಕೈ ನನ್ನ ಬೆನ್ನ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಎಲೆಗೆ ಹತ್ತಿದ ರೋಗ, ಸಣ್ಣ ಸೊಸೆಯ ಮೊಬೈಲು, ಖಾರದಲ್ಲಿ ಉಪ್ಪು ಹೆಚ್ಚಾದದ್ದು, ಎಲ್ಲ ನನ್ನ ಬೆನ್ನಿಗೇ ಹೇಳುತ್ತಿದ್ದರು. ಮೊದಲ ದಿನ ನನಗೆ ಅಳು ತಡೆಯಲಾಗಲಿಲ್ಲ. "ನೋವಾತೇನ್ರಿ?" ಎಂದರು. ಹೂಂ ಎಂದೆ. ನೋವಾಗಿರಲಿಲ್ಲ. ಬಸ್ಸಿನಲ್ಲಿ ತಳ್ಳಾಡುವವರನ್ನು, ಅಳತೆ ತೆಗೆಯುವ ದರ್ಜಿಯನ್ನು, ಆ ಡಾಕ್ಟರಮ್ಮನನ್ನು ಬಿಟ್ಟರೆ, ಅವ್ವ ಹೋದ ಮೇಲೆ ನನ್ನ ಮೈಯನ್ನು ಯಾರೂ ಮುಟ್ಟಿರಲಿಲ್ಲ. ಅದು ಅವತ್ತು ಒಮ್ಮೆಲೇ ಗೊತ್ತಾಯಿತು.

ಶಾಲೆಗೆ ಹೋಗಲು ಆಪಾ ಒಂದು ಉಪಾಯ ಮಾಡಿದರು. ನನ್ನ ಒಳಲಂಗದ ಲಾಡಿ ಕಿತ್ತುಹಾಕಿ, ಮೇಲಕ್ಕೊಂದು ಸಡಿಲ ಬನಿಯನ್ನು ಸೇರಿಸಿ ಹೊಲಿದು, ಭಾರವೆಲ್ಲ ಭುಜಕ್ಕೆ ಬರುವಂತೆ ಮಾಡಿಕೊಟ್ಟರು. ಸೀರೆಯನ್ನು ಅದಕ್ಕೇ ಅಲ್ಲಲ್ಲಿ ಪಿನ್ನು ಹಾಕಿ ನಿಲ್ಲಿಸುವುದು. ಅದನ್ನು ತೊಟ್ಟು ಹೋದ ಮೊದಲ ದಿನ ಸೀರೆ ಈಗ ಜಾರಿತು, ಇನ್ನೇನು ಜಾರಿತು ಎಂದು ಒಂದು ಕೈಯಲ್ಲಿ ಟೊಂಕ ಹಿಡಿದುಕೊಂಡೇ ಪಾಠ ಮಾಡಿದೆ. ಅಕ್ಕೋರ ನಡ ಹಿಡಿದುಕೊಂಡಿದೆ ಎಂದು ಮಕ್ಕಳು ಗುಸುಗುಸು ಮಾಡಿದರು. ಮಧ್ಯಾಹ್ನ ಎರಡು ರೊಟ್ಟಿ ತಿಂದೆ. ಹುಳಿ ಬರಲಿಲ್ಲ.

ಪರೀಕ್ಷೆಯ ಫಲ ತಿಳಿಯುವ ದಿನ ಬಸ್ ಸ್ಟ್ಯಾಂಡಿಗೆ ಹೋದರೆ ಆಪಾ ಬುರ್ಖಾ ಹಾಕಿಕೊಂಡು ನನಗಿಂತ ಮೊದಲೇ ನಿಂತಿದ್ದರು. ಈ ಸಲ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಡಾಕ್ಟರಮ್ಮ ಕಾಗದ ನೋಡಿ, "ಕೆಟ್ಟದ್ದೇನೂ ಇಲ್ರಿ, ಬಚಾವಾದ್ರಿ," ಎಂದು ನಕ್ಕರು. "ಪಟ್ಟಿ ಭಾಳ ಚೊಲೊ ಕಟ್ಯಾರ. ಇವರೇನ್ರಿ ನಿಮ್ಮ ಅಕ್ಕ?"

ಆಪಾ ನನ್ನ ಮುಖ ನೋಡಿದರು. "ಇಲ್ರಿ, ನಾ ಬಾಜೂ ಮನ್ಯಾಕಿ," ಎಂದರು.

ಇಬ್ಬರೂ ಬಸ್ಸು ಹತ್ತಿ ಕೂತೆವು. ಅಷ್ಟು ದೊಡ್ಡ ಭಯ ಕಳೆದಿತ್ತು, ಆದರೆ ನನ್ನ ತಲೆಯಲ್ಲಿ ಕೂತಿದ್ದದ್ದು ಆ ಬಾಜೂ ಮನೆ ಎಂಬ ಮಾತು. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಗೋಡೆ ಬಡಿದು ಬೈಯುತ್ತಿದ್ದವಳು ನಾನು, ಅವರು ಬಾಜೂ ಮನೆಯವರೇ. ಹಾಗೆಂದು ಎಷ್ಟು ಸಮಾಧಾನ ಮಾಡಿಕೊಂಡರೂ ಆ ಮಾತು ಚುಚ್ಚುತ್ತಲೇ ಇತ್ತು.

ಹುಣ್ಣು ದಿನದಿನಕ್ಕೆ ಆರುತ್ತ ಬಂತು. "ಇಷ್ಟಽ ಉಳದೈತ್ರಿ," ಎಂದು ಆಪಾ ಉಗುರು ತೋರಿಸುವರು. ಒಂದು ಸಂಜೆ ಹತ್ತಿ ಕೆಳಗಿಟ್ಟು, "ಮುಗೀತ್ರಿ ಅಕ್ಕಾರ. ಇನ್ನ ಪಟ್ಟಿ ಬ್ಯಾಡ," ಎಂದರು. ಅವರಿಗೆ ಬಹಳ ಸಂತೋಷವಾಗಿತ್ತು. ಸೊಸೆಗೆ ಹೇಳಿ ಚಹಾ ಮಾಡಿಸಿದರು.

ಮರುದಿನ ಶಾಲೆಯಿಂದ ಬಂದು ಅಗಳಿ ಹಾಕಿದೆ. ಸಡಿಲಿಸಲು ಲಾಡಿಯೂ ಇರಲಿಲ್ಲ. ಪಟ್ಟಿ ಕಟ್ಟುವ ಹೊತ್ತಾಯಿತು. ಪಕ್ಕದ ಮನೆಯಲ್ಲಿ ಮೊಮ್ಮಕ್ಕಳ ಗದ್ದಲ, ಆಪಾ ಗದರುವುದು, ಪಾತ್ರೆಯ ಸದ್ದು. ಅಲ್ಲಿಗೆ ಹೋಗಲು ನನಗೆ ಕಾರಣ ಉಳಿದಿರಲಿಲ್ಲ. ಎಲೆಯ ಅಗತ್ಯವೂ ಇರಲಿಲ್ಲ. ಕೆಟ್ಟ ರೋಗವಿಲ್ಲ, ಹುಣ್ಣು ಮಾಯ್ದಿದೆ, ಹೊಟ್ಟೆಯವರೆಗೆ ಉಸಿರಾಡುತ್ತಿದ್ದೇನೆ, ಆದರೂ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಟ್ರಂಕಿನಿಂದ ಒಂದು ಹಳೆಯ ಒಳಲಂಗ ತೆಗೆದು, ಲಾಡಿಯನ್ನು ಟೊಂಕಕ್ಕೆ ಸುತ್ತಿ, ಅದೇ ಜಾಗದಲ್ಲಿ ಬರುವಂತೆ ಒಮ್ಮೆ ಜಗ್ಗಿದೆ ಕೂಡ. ಜಗ್ಗಿದವಳು ನನ್ನ ಯೋಚನೆಗೆ ನಾನೇ ಹೆದರಿ ಕೈಬಿಟ್ಟೆ.

ನಾಲ್ಕು ದಿನ ಹೇಗೋ ತಡೆದೆ. ಐದನೆಯ ದಿನ ಆಪಾನ ಬಾಗಿಲಿಗೆ ಹೋದೆ.

"ಆಪಾ, ಅಲ್ಲಿ ಇನ್ನೂ ಒಂದೀಟ ತುರಸ್ತೈತ್ರಿ. ನೋಡ್ತೀರೇನು?"

ಅವರು ಮಕ್ಕಳನ್ನು ಹೊರಗೆ ಕಳಿಸಿ ಚಿಲಕ ಹಾಕಿದರು. ನಾನು ಗೋಡೆಗೆ ಮುಖ ಮಾಡಿ ಕೂತೆ. ಅವರ ಬೆರಳು ಆ ಜಾಗಕ್ಕೆ ಬಂತು, ಒಮ್ಮೆ ಆಚೆ ಸರಿಯಿತು, ಒಮ್ಮೆ ಈಚೆ. ಎಲ್ಲಿಯೂ ತೊಡರಲಿಲ್ಲ. ಅಲ್ಲಿ ಏನೂ ಇಲ್ಲವೆಂದು ಆ ಬೆರಳಿಗೆ ಗೊತ್ತಾಯಿತು, ಅದು ಗೊತ್ತಾದದ್ದು ನನಗೂ ತಿಳಿಯಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಎದ್ದುಬಿಡೋಣ ಎನ್ನುವಷ್ಟರಲ್ಲಿ ಹಿಂದೆ ಮಣೆ ಎಳೆದ ಸದ್ದಾಯಿತು. ಮುಲಾಮು ಎಂದೋ ಮುಗಿದಿತ್ತು. ಆಪಾ ಬರಿಗೈಯಿಂದಲೇ ಅಲ್ಲಿ ಮೆಲ್ಲಗೆ ತಿಕ್ಕತೊಡಗಿದರು.

"ಹೂಂನ್ರಿ ಅಕ್ಕಾರ, ಇನ್ನೂ ಸ್ವಲ್ಪ ಐತಿ," ಎಂದರು. "ನಾಳೆನೂ ಬರ್ರಿ."